ಕಬ್ಬಿಣದ ತುಕ್ಕು, ಕೆರೆಯ ಹಸಿರು: ಮೈಸೂರಿನ ಕೊಳಚೆ ನೀರಿನಲ್ಲಿ ರಂಜಕದ ಚರಿತ್ರೆ

ಮೈಸೂರು ನಗರದ ವಾಯವ್ಯ ಭಾಗದಲ್ಲಿ, ಹಿನಕಲ್ ಮತ್ತು ಹೆಬ್ಬಾಳುಗಳ ಪಕ್ಕದಲ್ಲಿ ಹಬ್ಬಿಕೊಂಡಿರುವ ವಿಜಯನಗರ ಬಡಾವಣೆಗೆ ನಗರದ ನೀರಿನ ಚರಿತ್ರೆಯಲ್ಲಿ ಎರಡು ಬಗೆಯ ಸ್ಥಾನವಿದೆ. ಕಾವೇರಿಯಿಂದ ಮೇಲೆತ್ತಿ ಶುದ್ಧೀಕರಿಸಿದ ನೀರನ್ನು ತುಂಬಿಕೊಂಡು ನಗರದ ಅನೇಕ ಭಾಗಗಳಿಗೆ ಹರಿಸುವ ಎತ್ತರದ ಜಲಸಂಗ್ರಹಾಗಾರವೊಂದು ಇಲ್ಲಿಯೇ ಇದೆ. ಅದೇ ನೀರು ಮನೆಗಳ ಬಚ್ಚಲು, ಅಡುಗೆಮನೆ, ಶೌಚಾಲಯಗಳಿಂದ ಹೊರಬಿದ್ದ ಮೇಲೆ ಇಳಿಜಾರು ಹಿಡಿಯುವ ಕಡೆಯಲ್ಲಿ ಹೆಬ್ಬಾಳು ಕೆರೆಯಿದ್ದು, ಸುತ್ತಲಿನ ಬಡಾವಣೆಗಳೂ ಕೈಗಾರಿಕೆಗಳೂ ಬೆಳೆದಂತೆ ಆ ಕೆರೆ ಕೊಳಚೆಯ ತೊಟ್ಟಿಯಾಗಿ ಕೆಟ್ಟು, ಕೊನೆಗೆ ಇನ್ಫೋಸಿಸ್ ಪ್ರತಿಷ್ಠಾನ ನೂರು ಕೋಟಿಗೂ ಮಿಕ್ಕಿದ ವೆಚ್ಚದಲ್ಲಿ ಅದನ್ನು ಪುನರುಜ್ಜೀವನಗೊಳಿಸಬೇಕಾಯಿತು. ಒಳಬರುವ ನೀರಿಗೂ ಹೊರಹೋಗುವ ನೀರಿಗೂ ನಡುವಿನ ವ್ಯತ್ಯಾಸವನ್ನು ಒಂದು ಶತಮಾನದ ಕಾಲ ದುರ್ವಾಸನೆ, ರೋಗಾಣು ಮತ್ತು ಕೊಳೆಯುವ ಪದಾರ್ಥಗಳ ಲೆಕ್ಕದಲ್ಲಿ ಮಾತ್ರ ಅಳೆಯಲಾಯಿತು. ಕೆರೆಯನ್ನು ಹಸಿರುಗಟ್ಟಿಸುವ ರಂಜಕ ಎಂಬ ಮೂಲವಸ್ತು ಆ ಲೆಕ್ಕಕ್ಕೆ ಬರಲೇ ಇಲ್ಲ. ಆ ರಂಜಕವನ್ನು ನೀರಿನಿಂದ ಬಿಡಿಸಬಲ್ಲ ಅಗ್ಗದ ಉಪಾಯವೊಂದು, ಕಬ್ಬಿಣ ತುಕ್ಕು ಹಿಡಿಯುವ ಸಾಮಾನ್ಯ ಕ್ರಿಯೆಯಲ್ಲಿಯೇ ಅಡಗಿದ್ದರೂ, ಅದನ್ನು ಆ ಕೆಲಸಕ್ಕೆ ಹಚ್ಚಬಹುದೆಂದು ತಿಳಿಯಲು ಹಲವು ದಶಕಗಳು ಹಿಡಿದವು.

ಮೈಸೂರಿನಲ್ಲಿ ನೀರು ತರುವ ಕಾಲುವೆಯೇ ಕೊಳಚೆಯ ಕಾಲುವೆಯಾದ ಕಥೆ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ನಗರಕ್ಕೆ ತರುವ ಉದ್ದೇಶದಿಂದ ತೋಡಿಸಿದ ನಾಲೆ ತನ್ನ ಉದ್ದೇಶವನ್ನು ಪೂರೈಸದೆ, ಜನದಟ್ಟಣೆಯ ಕೇರಿಗಳ ನಡುವೆ ಹಾಯುವ ತೆರೆದ ಮೋರಿಯಾಗಿ ಪರಿಣಮಿಸಿತು. ಆ ಶತಮಾನದ ಕೊನೆಯ ಹೊತ್ತಿಗೆ ನಗರದೊಳಗಿನ ಅದರ ಭಾಗವನ್ನು ಮುಚ್ಚಿ, ಅದರ ಮೇಲೆಯೇ ಇಂದಿನ ಸಯ್ಯಾಜಿರಾವ್ ರಸ್ತೆಯನ್ನು ನಿರ್ಮಿಸಲಾಯಿತು. ದಸರೆಯ ಮೆರವಣಿಗೆ ಸಾಗುವ ರಾಜಬೀದಿಯ ಅಡಿಯಲ್ಲಿ ಹಳೆಯ ಮೋರಿಯೊಂದು ಹೂತುಹೋಗಿದೆಯೆಂಬ ಸಂಗತಿ ನಗರ ನೈರ್ಮಲ್ಯದ ಇತಿಹಾಸವನ್ನು ಬರೆಯುವವರು ಮರೆಯಬಾರದ್ದು. 1898ರಿಂದ ಪ್ಲೇಗು ಸಂಸ್ಥಾನವನ್ನು ಬಾಧಿಸಿದ ಮೇಲೆ, 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿ, ಅಗಲವಾದ ರಸ್ತೆ, ಗಾಳಿಬೆಳಕಿನ ಮೊಹಲ್ಲಾ ಮತ್ತು ಚರಂಡಿಗಳನ್ನು ಒಟ್ಟಿಗೆ ಯೋಜಿಸುವ ಪದ್ಧತಿ ಬೇರೂರಿತು. ನಗರ ಕುಳಿತಿರುವ ನೆಲವು ಉತ್ತರಕ್ಕೆ ಕಾವೇರಿಯ ಕಡೆಗೂ ದಕ್ಷಿಣಕ್ಕೆ ಕಪಿಲೆಯ ಕಡೆಗೂ ಇಳಿಯುವುದರಿಂದ, ಒಳಚರಂಡಿಗಳೂ ಆ ಇಳಿಜಾರುಗಳನ್ನೇ ಅನುಸರಿಸಿದವು.

ದಕ್ಷಿಣದ ಇಳಿಜಾರಿನಲ್ಲಿ, ವಿದ್ಯಾರಣ್ಯಪುರದ ಬಳಿ, ಮೈಸೂರಿಗರು ಇಂದಿಗೂ ‘ಸೂಯೇಜ್ ಫಾರಂ’ ಎಂದೇ ಕರೆಯುವ ಜಾಗವಿದೆ. ಸೂಯೇಜ್ ಫಾರಂ ಎಂದರೆ ನಗರದ ಕೊಳಚೆ ನೀರನ್ನು ಹೊಲಕ್ಕೆ ಹಾಯಿಸಿ, ಮಣ್ಣು ಅದನ್ನು ಸೋಸುವಂತೆಯೂ ಬೆಳೆ ಅದರ ಸಾರವನ್ನು ಉಣ್ಣುವಂತೆಯೂ ಮಾಡುವ ವ್ಯವಸ್ಥೆ; ಹತ್ತೊಂಬತ್ತನೆಯ ಶತಮಾನದ ಯುರೋಪಿನ ನಗರಗಳಲ್ಲಿ ರೂಢಿಗೆ ಬಂದು, ಅಲ್ಲಿಂದ ಇಂಡಿಯಾದ ನಗರಗಳಿಗೂ ಹರಡಿದ ಪದ್ಧತಿ. ಈ ಪದ್ಧತಿಯನ್ನು ರೂಪಿಸಿದವರಿಗೆ ರಂಜಕದ ಬಗ್ಗೆ ಚಿಂತೆಯಿರಲಿಲ್ಲವಾದರೂ, ಮೈಸೂರು ಸೀಮೆಯಲ್ಲಿ ಅದು ರಂಜಕವನ್ನು ಹಿಡಿಯಲು ಅತ್ಯಂತ ತಕ್ಕ ನೆಲವನ್ನು ಪಡೆದಿತ್ತೆಂದು ಹೇಳಬೇಕು. ಈ ಸೀಮೆಯ ಕೆಂಪು ಮಣ್ಣಿಗೆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ, ಅಂದರೆ ಆಮ್ಲಜನಕದೊಡನೆ ಕೂಡಿದ ಕಬ್ಬಿಣದಿಂದ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅದು ತುಕ್ಕಿಗೆ ತೀರ ಹತ್ತಿರದ ವಸ್ತು. ಕೆಂಪು ಮಣ್ಣಿಗೆ ಹಾಕಿದ ರಂಜಕದ ಗೊಬ್ಬರದಲ್ಲಿ ಬಹುಪಾಲು ಬೆಳೆಗೆ ದಕ್ಕದೆ ಮಣ್ಣಿನಲ್ಲೇ ಬಂಧಿಯಾಗುತ್ತದೆಂಬ ಸಂಗತಿ ಕೃಷಿ ವಿಜ್ಞಾನಿಗಳಿಗೆ ತಲೆನೋವಾಗಿರುವುದು ಈ ಕಾರಣದಿಂದಲೇ. ರೈತನಿಗೆ ನಷ್ಟವೆನಿಸಿದ ಗುಣ, ಕೆರೆಯ ಪಾಲಿಗೆ ರಕ್ಷಣೆಯಾಗಿತ್ತು: ಕೆಂಪು ಮಣ್ಣಿನ ಮೂಲಕ ಇಂಗಿದ ಕೊಳಚೆ ನೀರು ತನ್ನ ರಂಜಕವನ್ನು ಮಣ್ಣಿನ ಕಬ್ಬಿಣಕ್ಕೆ ಒಪ್ಪಿಸಿಯೇ ಮುಂದೆ ಹೋಗಬೇಕಾಗುತ್ತದೆ.

ರಂಜಕಕ್ಕೂ ಮನುಷ್ಯನ ವಿಸರ್ಜನೆಗೂ ಇರುವ ನಂಟು ಆ ಮೂಲವಸ್ತುವಿನ ಹುಟ್ಟಿನಷ್ಟೇ ಹಳೆಯದು. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ರಸವಾದಿ ಹೆನ್ನಿಗ್ ಬ್ರಾಂಡ್ ಚಿನ್ನವನ್ನು ಹುಡುಕುತ್ತ ಮೂತ್ರವನ್ನು ಕುದಿಸಿ, ಬತ್ತಿಸಿ, ಕಾಯಿಸಿ ಪಡೆದ, ಕತ್ತಲಲ್ಲಿ ಹೊಳೆಯುವ ಪದಾರ್ಥವೇ ರಂಜಕ. ಆಹಾರದಲ್ಲಿ ಸೇವಿಸಿದ ರಂಜಕವನ್ನು ವಯಸ್ಕ ದೇಹ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹೊರಹಾಕುವುದರಿಂದ, ಒಬ್ಬ ವ್ಯಕ್ತಿಯಿಂದ ದಿನಕ್ಕೆ ಸುಮಾರು ಒಂದರಿಂದ ಎರಡು ಗ್ರಾಂನಷ್ಟು ರಂಜಕ ಚರಂಡಿಗೆ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೂತ್ರದ್ದು. ಇದಕ್ಕೆ ಬಟ್ಟೆ ಒಗೆಯುವ ಪುಡಿಯ ಪಾಲೂ ಕೂಡಿಕೊಂಡಿತು. ಗಡಸು ನೀರಿನಲ್ಲೂ ನೊರೆ ಬರಲೆಂದು ಡಿಟರ್ಜೆಂಟುಗಳಿಗೆ ಫಾಸ್ಫೇಟ್, ಅಂದರೆ ಆಮ್ಲಜನಕದೊಡನೆ ಕೂಡಿ ನೀರಿನಲ್ಲಿ ಕರಗುವ ರಂಜಕದ ರೂಪವನ್ನು, ಬೆರೆಸುವುದು ಎರಡನೆಯ ಮಹಾಯುದ್ಧದ ನಂತರ ಜಗತ್ತಿನಾದ್ಯಂತ ರೂಢಿಯಾಯಿತು. ಇಂಡಿಯಾದಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಬಾರ್ ಸೋಪಿನ ಜಾಗವನ್ನು ಪುಡಿಗಳು ಮೆಲ್ಲಮೆಲ್ಲನೆ ಆಕ್ರಮಿಸಿದವು.

ಇದೇ ಹೊತ್ತಿಗೆ ಮೈಸೂರಿನ ಕೆರೆಗಳ ಬಣ್ಣ ಬದಲಾಗತೊಡಗಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ 1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ ತಲೆಯೆತ್ತಿತು. ಸುತ್ತಲೂ ಬಡಾವಣೆಗಳು ಒತ್ತಿಕೊಂಡು ಬಂದಂತೆ, ಮಳೆನೀರನ್ನು ತರಬೇಕಾದ ಕಾಲುವೆಗಳು ಮನೆಗಳ ಕೊಳಚೆಯನ್ನು ತಂದವು. ನಾಗರಿಕ ಸಂಘಟನೆಗಳು, ಪಕ್ಷಿವೀಕ್ಷಕರು ಮತ್ತು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಲವು ವರ್ಷ ಕೂಗಿ ಹೇಳಿದ ಮೇಲೆ ಕೊಳಚೆಯನ್ನು ತಡೆಯುವ ಕಾಮಗಾರಿಗಳು ನಡೆದರೂ, ನೀಲಿ-ಹಸಿರು ಪಾಚಿ ಕೆರೆಯ ಮೇಲೆ ಕೆನೆಗಟ್ಟುವುದು ನಿಲ್ಲಲಿಲ್ಲ. ಕೊಳಚೆ ನಿಂತ ಮೇಲೂ ಕೆರೆ ಏಕೆ ಹಸಿರಾಗುತ್ತದೆಂಬ ಪ್ರಶ್ನೆಗೆ ಉತ್ತರವಿದ್ದುದು ಕೆರೆಯ ತಳದ ಹೂಳಿನಲ್ಲಿ. ಆ ಉತ್ತರವನ್ನು ಯುರೋಪಿನ ಇಬ್ಬರು ಸರೋವರ ವಿಜ್ಞಾನಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಜರ್ಮನಿಯ ಐನ್ಸೆಲೆ 1936ರಲ್ಲಿಯೂ, ಇಂಗ್ಲೆಂಡಿನ ಮಾರ್ಟಿಮರ್ 1941 ಮತ್ತು 1942ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳು, ಸರೋವರದೊಳಗೆ ಕಬ್ಬಿಣ ಮತ್ತು ರಂಜಕ ಒಂದರ ಬೆನ್ನಿಗೊಂದು ಕಟ್ಟಿಕೊಂಡೇ ಓಡಾಡುತ್ತವೆಂದು ತೋರಿಸಿದವು. ನೀರಿನ ತಳದಲ್ಲಿ ಆಮ್ಲಜನಕವಿರುವ ತನಕ ಕಬ್ಬಿಣವು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಫೆರಿಕ್ ಸ್ಥಿತಿಯಲ್ಲಿ, ಕರಗದ ಕಂದು ತುಕ್ಕಾಗಿ, ಫಾಸ್ಫೇಟನ್ನು ತಬ್ಬಿ ಹೂಳಿನಲ್ಲಿ ಹಿಡಿದಿಟ್ಟಿರುತ್ತದೆ. ಕೊಳೆಯುವ ಪದಾರ್ಥ ಹೆಚ್ಚಿ ಆಮ್ಲಜನಕ ಬತ್ತಿದೊಡನೆ ಅದೇ ಕಬ್ಬಿಣವು ಎರಡು ಎಲೆಕ್ಟ್ರಾನುಗಳನ್ನು ಮಾತ್ರ ಕಳೆದುಕೊಂಡ ಫೆರಸ್ ಸ್ಥಿತಿಗೆ ಇಳಿದು ನೀರಿನಲ್ಲಿ ಕರಗಿ, ಹಿಡಿದಿಟ್ಟ ಫಾಸ್ಫೇಟನ್ನು ಬಿಟ್ಟುಕೊಡುತ್ತದೆ. ಹೂಳಿನಲ್ಲಿ ಗಂಧಕವಿದ್ದರಂತೂ ಕಬ್ಬಿಣವನ್ನು ಅದು ಮೊದಲು ಕಸಿದುಕೊಂಡು ಕಪ್ಪು ಕಬ್ಬಿಣದ ಸಲ್ಫೈಡಾಗುತ್ತದೆ; ಕೊಳಚೆ ಕೆರೆಗಳ ಹೂಳು ಕಪ್ಪಾಗಿರುವುದಕ್ಕೆ ಮುಖ್ಯ ಕಾರಣ ಅದೇ, ಅಂಥ ಹೂಳಿನಲ್ಲಿ ರಂಜಕವನ್ನು ಹಿಡಿಯಲು ಕಬ್ಬಿಣ ಉಳಿದಿರುವುದಿಲ್ಲ. ಹೀಗೆ ವರ್ಷಗಟ್ಟಲೆ ಸೇರಿದ ರಂಜಕ ಬೇಸಿಗೆ ಬಂದಾಗಲೆಲ್ಲ ಮೇಲೆದ್ದು ಪಾಚಿಗೆ ಉಣಿಸಾಗುತ್ತದೆ.

ರಂಜಕವೇ ಮುಖ್ಯ ಅಪರಾಧಿಯೆಂಬುದನ್ನು ಸಾರ್ವಜನಿಕರ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತದ ಪ್ರಯೋಗ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ 226 ಎಂಬ ಸಂಖ್ಯೆಯ ಪುಟ್ಟ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿ, ಒಂದು ಕಡೆಗೆ ಇಂಗಾಲ ಮತ್ತು ಸಾರಜನಕವನ್ನೂ, ಇನ್ನೊಂದು ಕಡೆಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಮಾತ್ರ ಹಚ್ಚಹಸಿರಾಯಿತು. ಆ ಸರೋವರದ ವೈಮಾನಿಕ ಚಿತ್ರ, ರಂಜಕದ್ದು ತಪ್ಪಲ್ಲವೆಂಬ ಡಿಟರ್ಜೆಂಟ್ ತಯಾರಕರ ವಾದಗಳನ್ನು ಮುರಿದಷ್ಟು ಪರಿಣಾಮಕಾರಿಯಾಗಿ ಯಾವ ವರದಿಯೂ ಮುರಿಯಲಿಲ್ಲ. ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನವರು ತಮ್ಮ ಸರೋವರಗಳನ್ನು ಉಳಿಸಿಕೊಳ್ಳಲು ಕೊಳಚೆ ನೀರಿಗೆ ಕಬ್ಬಿಣದ ಕ್ಲೋರೈಡನ್ನು ಬೆರೆಸಿ ರಂಜಕವನ್ನು ಗಸಿಯಾಗಿ ಇಳಿಸುವ ವಿಧಾನವನ್ನು 1960ರ ದಶಕದಲ್ಲಿ ಆರಂಭಿಸಿಯಾಗಿತ್ತು.

ಆದರೆ ಕಬ್ಬಿಣದ ಲವಣವನ್ನು ಸುರಿಯುವುದಕ್ಕೂ, ಕಬ್ಬಿಣವೇ ನೀರಿನಲ್ಲಿ ನಿಂತು ತುಕ್ಕು ಹಿಡಿಯುವಂತೆ ಮಾಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರ ಚರಿತ್ರೆ ಇನ್ನೂ ಹಿಂದಿನದು. 1880ರ ದಶಕದಲ್ಲಿ ಬೆಲ್ಜಿಯಂನ ಆಂಟ್ವೆರ್ಪ್ ನಗರಕ್ಕೆ ನೇಟೆ ನದಿಯ ಕೆಸರು ನೀರನ್ನು ಕುಡಿಯಲು ಒದಗಿಸಬೇಕಾಗಿ ಬಂದಾಗ, ಎಂಜಿನಿಯರ್ ವಿಲಿಯಂ ಆಂಡರ್ಸನ್ ಮೊದಲು ಬಿಷಾಫ್ ಎಂಬಾತ ಸೂಚಿಸಿದ್ದ ಸರಂಧ್ರ ಕಬ್ಬಿಣದ ಪದರವನ್ನು ಸೋಸಣಿಗೆಯಾಗಿ ಬಳಸಿ, ಅದು ಬೇಗ ಕಟ್ಟಿಕೊಳ್ಳುತ್ತದೆಂದು ಅರಿತು ಬೇರೊಂದು ಯಂತ್ರವನ್ನು ರೂಪಿಸಿದ. ಅಡ್ಡಲಾಗಿ ಮಲಗಿಸಿದ ದೊಡ್ಡ ಉರುಳೆ, ಒಳಮೈಗೆ ಬಾಗಿದ ಹಲಗೆಗಳು, ತಳದಲ್ಲಿ ಕಬ್ಬಿಣದ ಚೂರುಗಳು: ಉರುಳೆ ನಿಧಾನವಾಗಿ ತಿರುಗಿದಂತೆ ಹಲಗೆಗಳು ಚೂರುಗಳನ್ನು ಮೇಲೆತ್ತಿ ಹರಿಯುವ ನೀರಿನ ಮೂಲಕ ಮತ್ತೆ ಮತ್ತೆ ಉದುರಿಸುತ್ತಿದ್ದವು. ಈ ಯಂತ್ರದ ಜಾಣ್ಮೆ ಇರುವುದು ಉಜ್ಜಾಟದಲ್ಲಿ. ಕಬ್ಬಿಣದ ಮೇಲೆ ತುಕ್ಕಿನ ಪದರ ದಪ್ಪವಾದಂತೆ ಒಳಗಿನ ಲೋಹಕ್ಕೂ ನೀರಿಗೂ ಸಂಪರ್ಕ ತಪ್ಪಿ ಕ್ರಿಯೆ ಮಂದವಾಗುತ್ತದೆ. ಚೂರುಗಳು ಒಂದಕ್ಕೊಂದು ತಿಕ್ಕಿಕೊಂಡಾಗ ತುಕ್ಕು ಕಳಚಿ ಹೊಸ ಮೈ ಹೊರಬೀಳುತ್ತದೆ. ಆಂಡರ್ಸನ್‌ಗೆ ಬೇಕಾಗಿದ್ದುದು ನೀರಿನ ಬಣ್ಣ ಮತ್ತು ಕೊಳೆಯನ್ನು ತೆಗೆಯುವುದಷ್ಟೇ ಆಗಿದ್ದರೂ, ಲೋಹವನ್ನು ನಶಿಸಲು ಬಿಟ್ಟು ನೀರನ್ನು ಶುದ್ಧಗೊಳಿಸುವ ಕೆಲಸ ನಗರದ ಪ್ರಮಾಣದಲ್ಲಿ ನಡೆದ ಬಹು ಮುಂಚಿನ ಸಂದರ್ಭಗಳಲ್ಲಿ ಅದೊಂದು.

ಲಂಡನ್ನಿನ ಕೊಳಚೆ ನೀರಿಗೆ ಇದೇ ತತ್ತ್ವವನ್ನು ವಿದ್ಯುತ್ತಿನ ನೆರವಿನಿಂದ ಅನ್ವಯಿಸಿದಾತ ವಿಲಿಯಂ ವೆಬ್‌ಸ್ಟರ್. ಥೇಮ್ಸ್ ದಂಡೆಯ ಕ್ರಾಸ್‌ನೆಸ್‌ನಲ್ಲಿ 1889ರ ಸುಮಾರಿಗೆ ಆತ ನಡೆಸಿದ ಪ್ರಯೋಗದಲ್ಲಿ, ಕೊಳಚೆ ನೀರು ಹರಿಯುವ ಕಾಲುವೆಗಳೊಳಗೆ ಕಬ್ಬಿಣದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳಿಗೆ ಒಂದು ಬಿಟ್ಟು ಒಂದರಂತೆ ಡೈನಮೋವಿನ ಧನ ಮತ್ತು ಋಣ ತಂತಿಗಳನ್ನು ಜೋಡಿಸಲಾಯಿತು. ಧನಧ್ರುವದ ಹಲಗೆಗಳು ಕರಗಿ ನೀರಿನಲ್ಲಿ ಕಬ್ಬಿಣದ ಹೈಡ್ರಾಕ್ಸೈಡಿನ ತೇಲು ಗಸಿಯಾಗಿ, ಕೊಳೆಯನ್ನು ಹೊತ್ತು ತಳಕ್ಕಿಳಿದವು. ಫಲಿತಾಂಶ ಚೆನ್ನಾಗಿಯೇ ಇದ್ದರೂ ಕಬ್ಬಿಣದ ಮತ್ತು ವಿದ್ಯುತ್ತಿನ ಖರ್ಚು ಅದನ್ನು ಉಳಿಸಲಿಲ್ಲ. ನಗರದ ಅಧಿಕಾರಿಗಳು ಸುಣ್ಣ ಮತ್ತು ಕಬ್ಬಿಣದ ಸಲ್ಫೇಟ್ ಬೆರೆಸುವ ಅಗ್ಗದ ದಾರಿಯನ್ನೇ ಹಿಡಿದರು. ಆಗ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು ಬರಲು ಇನ್ನೂ ಹದಿಮೂರು ವರ್ಷ ಬಾಕಿಯಿತ್ತು.

ಕಬ್ಬಿಣ ಹಿನ್ನೆಲೆಗೆ ಸರಿಯಲು ನಿಜವಾದ ಕಾರಣ ಬ್ಯಾಕ್ಟೀರಿಯಾಗಳು. ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದ ಕ್ರಿಯಾಶೀಲ ಕೆಸರಿನ ವಿಧಾನ, ಅಂದರೆ ಗಾಳಿಯೂದಿ ಬೆಳೆಸಿದ ಸೂಕ್ಷ್ಮಜೀವಿಗಳಿಗೆ ಕೊಳೆಯನ್ನು ತಿನ್ನಿಸಿ ಅವುಗಳನ್ನೇ ಕೆಸರಾಗಿ ಬೇರ್ಪಡಿಸುವ ವಿಧಾನ, ಕೊಳಚೆ ಶುದ್ಧೀಕರಣದ ಶಾಸ್ತ್ರವನ್ನೇ ತಿರುಗಿಸಿತು. ಆ ಸಂಶೋಧನೆಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದು ಇಲ್ಲಿಯೂ ಆ ಕೆಲಸವನ್ನು ಮುಂದುವರಿಸಿದ್ದರಿಂದ, ಹೊಸ ಶಾಸ್ತ್ರಕ್ಕೆ ಮೈಸೂರು ಸಂಸ್ಥಾನದ ನೆಲದ ಮೇಲೆ ಬಹುಬೇಗ ನೆಲೆ ಸಿಕ್ಕಿತು. ಜೈವಿಕ ವಿಧಾನದ ಗೆಲುವು ದೊಡ್ಡದು, ಅದರಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ಆದರೆ ಅದರ ಮಿತಿ ಮೂಲವಸ್ತುಗಳ ಸ್ವಭಾವದಲ್ಲಿಯೇ ಇದೆ: ಕೊಳೆಯ ಇಂಗಾಲ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಹೋಗುತ್ತದೆ, ಸಾರಜನಕವನ್ನೂ ಅನಿಲವಾಗಿಸಿ ಕಳಿಸಬಹುದು, ರಂಜಕಕ್ಕೆ ಮಾತ್ರ ಹೀಗೆ ಹಾರಿಹೋಗುವ ದಾರಿಯಿಲ್ಲ. ಅದು ಒಂದೋ ನೀರಿನ ಜೊತೆ ಹೋಗಬೇಕು, ಇಲ್ಲವೇ ಗಟ್ಟಿ ಪದಾರ್ಥವಾಗಿ ಕೈಗೆ ಸಿಕ್ಕಬೇಕು.

ಮೈಸೂರಿನಲ್ಲಿ ಅದು ನೀರಿನ ಜೊತೆಯೇ ಹೋಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ 1990ರ ದಶಕದ ಮಧ್ಯದಲ್ಲಿ ಆರಂಭವಾದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಯೋಜನೆಯಡಿ ನಗರಕ್ಕೆ ಮೂರು ಶುದ್ಧೀಕರಣ ಘಟಕಗಳು ಬಂದವು: ವಿದ್ಯಾರಣ್ಯಪುರದಲ್ಲಿ ದಿನಕ್ಕೆ 67.65 ದಶಲಕ್ಷ ಲೀಟರು, ರಾಯನಕೆರೆಯಲ್ಲಿ 60, ಕೆಸರೆಯಲ್ಲಿ 30 ದಶಲಕ್ಷ ಲೀಟರು ಸಾಮರ್ಥ್ಯದವು. ವಿಶಾಲವಾದ ಕೊಳಗಳಲ್ಲಿ ನೀರನ್ನು ದಿನಗಟ್ಟಲೆ ನಿಲ್ಲಿಸಿ, ಗಾಳಿಯೂದಿ, ಕೆಸರನ್ನು ತಳಕ್ಕಿಳಿಸುವ ವಿಧಾನವನ್ನು ಆರಿಸಿಕೊಳ್ಳಲಾಯಿತು. ನಿರ್ವಹಣೆ ಸುಲಭ, ವಿದ್ಯುತ್ತಿನ ಖರ್ಚು ಕಡಿಮೆ ಎಂಬ ಕಾರಣಗಳಿಗೆ ಆ ಆಯ್ಕೆ ಆ ಕಾಲಕ್ಕೆ ಸರಿಯಾದದ್ದೇ. ಆದರೆ ಕೆಂಪು ಮಣ್ಣಿನ ಹೊಲ ಮಾಡುತ್ತಿದ್ದ, ಯಾರೂ ಲೆಕ್ಕವಿಡದ ಒಂದು ಕೆಲಸವನ್ನು ಕೊಳಗಳು ಮಾಡಲಾರದೆ ಹೋದವು. ಆಮ್ಲಜನಕವಿಲ್ಲದ ಕೊಳದ ತಳದಲ್ಲಿ ಮಾರ್ಟಿಮರ್ ವಿವರಿಸಿದ ಬಿಡುಗಡೆಯೇ ನಡೆಯುವುದರಿಂದ, ಕೆಸರಿನಲ್ಲಿ ಇಳಿದ ರಂಜಕವೂ ಬಹುಮಟ್ಟಿಗೆ ನೀರಿಗೆ ಮರಳುತ್ತದೆ. ವಿದ್ಯಾರಣ್ಯಪುರದಿಂದ ಹೊರಬಿದ್ದ ನೀರು ದಳವಾಯಿ ಕೆರೆಯ ಮೂಲಕ ಕಪಿಲೆಯತ್ತ ಸಾಗುವ ದಾರಿಯಲ್ಲಿ ಅಂತರಗಂಗೆಯಂಥ ಜಲಕಳೆಗಳಿಗೆ ಅದು ಸಮೃದ್ಧ ಗೊಬ್ಬರವಾಯಿತು.

ಕಾನೂನೂ ಈ ವಿಷಯದಲ್ಲಿ ಹಿಂದೇಟು ಹಾಕಿತು. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಶುದ್ಧೀಕರಣ ಘಟಕಗಳಿಗೆ ನಿಗದಿಯಾದ ಮಿತಿಗಳ ಪೈಕಿ ರಂಜಕದ ಹೆಸರೇ ಇರಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ಬೆಂಕಿ ಹೊತ್ತಿ ಉರಿದು, ಅದರ ನೊರೆ ರಸ್ತೆಗೆ ಹಾರಿದ ದೃಶ್ಯಗಳು ದೇಶವನ್ನೇ ತಲ್ಲಣಗೊಳಿಸಿದ್ದವೆಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ನೋವಿನದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲಿನ ಆದೇಶದಲ್ಲಿ, ಕೆರೆಕುಂಟೆಗಳಿಗೆ ಬಿಡುವ ನೀರಿನ ರಂಜಕ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಎತ್ತಿಹಿಡಿಯಿತು. ಮನೆಗಳ ಕೊಳಚೆ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಐದರಿಂದ ಹತ್ತು ಮಿಲಿಗ್ರಾಂ ರಂಜಕವಿರುತ್ತದೆ; ಅದನ್ನು ಒಂದಕ್ಕಿಳಿಸಲು ಮಾಮೂಲು ಜೈವಿಕ ವಿಧಾನದಿಂದಷ್ಟೇ ಸಾಧ್ಯವಾಗುವುದಿಲ್ಲ.

ತುಕ್ಕಿನ ವಿಧಾನ ಹೊಸ ರೂಪದಲ್ಲಿ ಮರಳಿ ಬಂದದ್ದು ಸಣ್ಣ ಪ್ರಮಾಣದ ಘಟಕಗಳ ಮೂಲಕ. ಕಬ್ಬಿಣದ ತಗಡೊಂದನ್ನು ಗಾಳಿಯಾಡುವ ಕೊಳಚೆ ನೀರಿನಲ್ಲಿ ಇಳಿಬಿಟ್ಟಾಗ, ಅದರ ಮೈಯ ಒಂದು ಕಡೆ ಲೋಹ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ನೀರಿಗೆ ಇಳಿಯುತ್ತದೆ, ಇನ್ನೊಂದು ಕಡೆ ನೀರಿನಲ್ಲಿ ಕರಗಿದ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ; ಮೊದಲು ತಿಳಿಹಸಿರಾಗಿ ಕಾಣುವ ಕರಗಿದ ಕಬ್ಬಿಣ ಕೆಲಹೊತ್ತಿನಲ್ಲಿ ಕಿತ್ತಳೆಗಂದು ಬಣ್ಣದ ಹಿಂಜಿದ ಅರಳೆಯಂಥ ತುಣುಕುಗಳಾಗಿ, ಫಾಸ್ಫೇಟನ್ನು ಕಟ್ಟಿಕೊಂಡು ಕೆಳಗಿಳಿಯುತ್ತದೆ. ಕಬ್ಬಿಣಕ್ಕೆ ತಾಮ್ರವನ್ನೋ ಇದ್ದಿಲನ್ನೋ ತಾಗಿಸಿಟ್ಟರೆ ಕಬ್ಬಿಣ ಇನ್ನೂ ಬೇಗ ನಶಿಸುತ್ತದೆ. ವಿದ್ಯುತ್ತನ್ನು ಹಾಯಿಸಿದರೆ ನಶಿಸುವ ವೇಗವನ್ನು ಬೇಕಾದಂತೆ ಹಿಡಿತದಲ್ಲಿಡಬಹುದು: ಒಂದು ಆಂಪಿಯರ್ ಪ್ರವಾಹ ಒಂದು ಗಂಟೆಯಲ್ಲಿ ಒಂದು ಗ್ರಾಮಿಗಿಂತ ತುಸು ಹೆಚ್ಚು ಕಬ್ಬಿಣವನ್ನು ಕರಗಿಸುತ್ತದೆ. ಜಪಾನಿನಲ್ಲಿ ಮನೆಯಂಗಳದಲ್ಲಿ ಹೂಳುವ ಜೋಕಾಸೋ ಎಂಬ ಪುಟ್ಟ ಶುದ್ಧೀಕರಣ ತೊಟ್ಟಿಗಳ ಕೆಲವು ಮಾದರಿಗಳಲ್ಲಿ ಕಬ್ಬಿಣದ ವಿದ್ಯುದ್ಧ್ರುವಗಳನ್ನು ಇಳಿಬಿಟ್ಟು ರಂಜಕ ತೆಗೆಯುವ ಏರ್ಪಾಡಿದ್ದು, ತುಕ್ಕು ದಪ್ಪವಾಗದಂತೆ ಧ್ರುವಗಳನ್ನು ಆಗಾಗ ಅದಲುಬದಲು ಮಾಡಲಾಗುತ್ತದೆ. ಆಂಡರ್ಸನ್‌ನ ಉರುಳೆ ಉಜ್ಜಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ವಿದ್ಯುತ್ತಿನ ದಿಕ್ಕು ಮಾಡುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ಮರಳಿಗೆ ತೂಕದಲ್ಲಿ ಶೇ. 5ರಷ್ಟು ಕಬ್ಬಿಣದ ಪುಡಿ ಬೆರೆಸಿದ ಸೋಸುಪಾತಿಗಳನ್ನು ಮಳೆನೀರಿನ ಕಾಲುವೆಗಳಿಗೆ ಅಳವಡಿಸಿ, ಕರಗಿದ ರಂಜಕವನ್ನು ಯಾವ ವಿದ್ಯುತ್ತಿಲ್ಲದೆಯೂ ಹಿಡಿಯಬಹುದೆಂದು ತೋರಿಸಿದರು. ಮೈಸೂರಿನಲ್ಲಿಯೂ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಪರಿಸರ ಎಂಜಿನಿಯರಿಂಗ್ ವಿಭಾಗದಲ್ಲಿ, ಕಾರ್ಖಾನೆಗಳ ಕಲುಷಿತ ನೀರನ್ನು ಲೋಹದ ಧ್ರುವಗಳಿಂದ ಗಸಿಗಟ್ಟಿಸುವ ವಿಷಯದ ಮೇಲೆ ಸಂಶೋಧನೆ ನಡೆದಿದೆ.

ನಗರದ ಮೂರು ಘಟಕಗಳಿಗೆ ಈ ವಿಧಾನವನ್ನು ನೇರವಾಗಿ ಹೊಂದಿಸುವುದು ಸುಲಭವಲ್ಲ. ಒಂದು ಕಿಲೋ ರಂಜಕವನ್ನು ಕಟ್ಟಲು ಕಾಗದದ ಮೇಲಿನ ಲೆಕ್ಕದಲ್ಲಿ 1.8 ಕಿಲೋ ಕಬ್ಬಿಣ ಸಾಕಾದರೂ, ಕೊಳಚೆಯ ಇತರ ಪದಾರ್ಥಗಳು ತಮ್ಮ ಪಾಲನ್ನು ಕಸಿಯುವುದರಿಂದ ವಾಸ್ತವದಲ್ಲಿ ಅದರ ಎರಡರಷ್ಟಾದರೂ ಬೇಕಾಗುತ್ತದೆ. ಮೂರೂ ಘಟಕಗಳಿಗೆ ಪೂರ್ಣ ಸಾಮರ್ಥ್ಯದ 157.65 ದಶಲಕ್ಷ ಲೀಟರು ನೀರು ಬಂದು, ಲೀಟರಿಗೆ ಆರು ಮಿಲಿಗ್ರಾಂ ರಂಜಕವಿದೆಯೆಂದು ಹಿಡಿದರೆ, ದಿನಕ್ಕೆ ಒಂಬೈನೂರು ಕಿಲೋ ಮೀರಿದ ರಂಜಕವೂ ಅದನ್ನು ಹಿಡಿಯಲು ಮೂರು ಟನ್ನು ಮೀರಿದ ಕಬ್ಬಿಣವೂ ಲೆಕ್ಕಕ್ಕೆ ಬರುತ್ತವೆ. ಅಂಥ ದೊಡ್ಡ ಘಟಕಗಳಿಗೆ ಕಬ್ಬಿಣದ ಕ್ಲೋರೈಡನ್ನು ಸುರಿಯುವ ಸ್ವಿಸ್ ದಾರಿಯೇ ಪ್ರಾಯೋಗಿಕ. ತುಕ್ಕಿಗೆ ತಕ್ಕ ಜಾಗಗಳು ಬೇರೆ: ಕಬ್ಬಿಣದ ಕ್ಲೋರೈಡಿನ ಆಮ್ಲೀಯ ದ್ರಾವಣವನ್ನು ಕಾದಿಡಲು ತಕ್ಕ ಸಿಬ್ಬಂದಿಯಿಲ್ಲದ ವಸತಿ ಸಮುಚ್ಚಯಗಳ ಸಣ್ಣ ಶುದ್ಧೀಕರಣ ಘಟಕಗಳು, ಮತ್ತು ಬಡಾವಣೆಯ ನೀರು ಕೆರೆ ಸೇರುವ ಮುಂಚಿನ ಕಾಲುವೆಗಳು. ವಿಜಯನಗರದ ನೆರೆಯಲ್ಲಿಯೇ ಇರುವ ಹೆಬ್ಬಾಳು, ಮೇಟಗಳ್ಳಿ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳ ಲೇತ್ ಯಂತ್ರಗಳ ಅಡಿಯಲ್ಲಿ ದಿನವೂ ಉದುರಿ ಗುಜರಿಗೆ ಹೋಗುವ ಕಬ್ಬಿಣದ ಸುರುಳಿ ಚೂರುಗಳು, ಎಣ್ಣೆಜಿಡ್ಡನ್ನು ತೊಳೆದು ತೆಗೆದರೆ, ಆಂಡರ್ಸನ್‌ನ ಉರುಳೆಯಲ್ಲಿದ್ದ ಸರಕಿಗಿಂತ ಹೆಚ್ಚು ಬೇರೆಯಲ್ಲ.

ಹಿಡಿದ ರಂಜಕದ ಗತಿಯೇನೆಂಬುದು ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ರಂಜಕದ ಗೊಬ್ಬರಕ್ಕೆ ಬೇಕಾದ ಶಿಲೆಯಲ್ಲಿ ಬಹುಪಾಲನ್ನು ಇಂಡಿಯಾ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ರೈತರು ಕೊಳ್ಳುವ 50 ಕಿಲೋ ತೂಕದ ಒಂದು ಚೀಲ ಡಿಎಪಿ ಗೊಬ್ಬರದಲ್ಲಿ ಮೂಲವಸ್ತುವಿನ ಲೆಕ್ಕದಲ್ಲಿ ಇರುವುದು ಸುಮಾರು ಹತ್ತು ಕಿಲೋ ರಂಜಕವಾದ್ದರಿಂದ, ಮೇಲಿನ ಅಂದಾಜಿನಂತೆ ಮೈಸೂರಿನ ಒಳಚರಂಡಿಗಳಲ್ಲಿ ದಿನವೂ ತೊಂಬತ್ತು ಚೀಲಗಳಷ್ಟು ರಂಜಕ ಹರಿಯುತ್ತದೆ. ಕಬ್ಬಿಣ ಕಟ್ಟಿಕೊಂಡ ರಂಜಕವನ್ನು ಬೆಳೆ ಸುಲಭವಾಗಿ ಹೀರಲಾರದೆಂಬುದು ಈ ವಿಧಾನದ ಮೇಲಿನ ಹಳೆಯ ಆಕ್ಷೇಪ. ಆದರೆ ಕಬ್ಬಿಣ ಬೆರೆತ ಕೆಸರನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿದಾಗ ಅದರ ರಂಜಕದ ದೊಡ್ಡ ಪಾಲು ವಿವಿಯನೈಟ್ ಎಂಬ ನೀಲಿ ಖನಿಜವಾಗಿ ಹರಳುಗಟ್ಟುತ್ತದೆಂದೂ, ಅಯಸ್ಕಾಂತಕ್ಕೆ ತುಸು ಒಲಿಯುವ ಗುಣವಿರುವ ಆ ಹರಳುಗಳನ್ನು ಪ್ರಬಲ ಅಯಸ್ಕಾಂತದಿಂದ ಕೆಸರಿನೊಳಗಿಂದ ಸೆಳೆದು ತೆಗೆಯಬಹುದೆಂದೂ ನೆದರ್‌ಲೆಂಡ್ಸಿನ ಸಂಶೋಧಕರು ತೋರಿಸಿದ್ದಾರೆ. ಹಾಗೆ ತೆಗೆದ ಹರಳುಗಳನ್ನು ಕ್ಷಾರದಲ್ಲಿ ಸಂಸ್ಕರಿಸಿದರೆ ಕಬ್ಬಿಣ ಗಸಿಯಾಗಿ ಹಿಂದುಳಿದು, ಫಾಸ್ಫೇಟ್ ಗೊಬ್ಬರಕ್ಕೆ ಒದಗುವಂತೆ ದ್ರಾವಣಕ್ಕೆ ಬರುತ್ತದೆ.